ಕೀಹೋಲ್‌ನಲ್ಲಿ ಶುರು, ಓಪನ್‌ನಲ್ಲಿ ಮುಕ್ತಾಯ: ಕೋಡ್ ಒಂದಾ, ಎರಡಾ?

ಪ್ರಶ್ನೆ: ನಾನು ಬದಿಯಡ್ಕದವಳು. ಬಿಎಸ್ಸಿ ಮುಗಿಸಿ ಮಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳನ್ನು ಬಿಲ್ಲಿಗಾಗಿ ಕೋಡ್‌ಗೆ ಇಳಿಸುವ ಕೆಲಸ) ಕಲಿಯುತ್ತಿದ್ದೇನೆ. ಪಿತ್ತಕೋಶ ತೆಗೆಯುವ ಆಪರೇಷನ್ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತಿನ ಕೀಹೋಲ್ ವಿಧಾನದಲ್ಲಿ) ಶುರುವಾಗಿ ಮಧ್ಯದಲ್ಲಿ ಓಪನ್‌ಗೆ, ಅಂದರೆ ಹೊಟ್ಟೆ ಕೊಯ್ಯುವ ವಿಧಾನಕ್ಕೆ, ಬದಲಾದರೆ ಒಂದೇ ಕೋಡ್ ಸಾಕಾ, ಎರಡು ಹಾಕಬೇಕಾ? ಕ್ಲಾಸಿನಲ್ಲಿ ಒಂದು ಅಂದರು. ಕೆಲಸದಲ್ಲಿರುವ ನನ್ನ ಅಕ್ಕ ಎರಡು ಅನ್ನುತ್ತಾಳೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ ಮಾರಾಯ್ರೆ. ಅಕ್ಕ ಬಹುಶಃ ಇನ್‌ಪೇಶೆಂಟ್ (ಅಡ್ಮಿಟ್ ಆದವರ) ಫೈಲ್ ನೋಡುವವರು, ಒಮ್ಮೆ ಕೇಳಿ ನೋಡಿ.

ನಮ್ಮ ಕಡೆಯವರಿಗೆ ಇದು ಗೊಂದಲ ಆಗುವುದು ಸಹಜ. ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಆಪರೇಷನ್‌ಗೆ ಹೋದರೆ ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಸಾಮಾನ್ಯವಾಗಿ ಒಂದೇ ಬಿಲ್ ಕೊಡುತ್ತಾರೆ, ಡಾಕ್ಟರ್ ಫೀಸು, ಥಿಯೇಟರ್, ರೂಮು, ಮದ್ದು ಎಲ್ಲ ಅದರಲ್ಲೇ. ಆದರೆ ನೀವು ಕಲಿಯುತ್ತಿರುವುದು ಅಮೆರಿಕದ ಕೋಡಿಂಗ್ ಅಲ್ವಾ? ಅಲ್ಲಿ ಸರ್ಜನ್ ಬಿಲ್ ಬೇರೆ, ಆಸ್ಪತ್ರೆ ಬಿಲ್ ಬೇರೆ. ಎರಡಕ್ಕೂ ಪುಸ್ತಕ ಬೇರೆ, ನಿಯಮ ಬೇರೆ.

ಮೊದಲು ಸರ್ಜನ್ ಬಿಲ್. ಇದಕ್ಕೆ ಸಿಪಿಟಿ ಕೋಡ್, ಅಂದರೆ ಡಾಕ್ಟರ್ ಮಾಡಿದ ಕೆಲಸದ ಕೋಡ್. ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರೆ 47562. ಜೊತೆಗೆ ಪಿತ್ತನಾಳಕ್ಕೆ ಡೈ ಹಾಕಿ ಎಕ್ಸ್‌ರೇ, ಅಂದರೆ ಕೊಲಾಂಜಿಯೋಗ್ರಾಂ ಮಾಡಿದ್ದರೆ 47563. ನಾಳವನ್ನೇ ತೆರೆದು ಹುಡುಕಿದರೆ 47564. ಹೊಟ್ಟೆ ಕೊಯ್ದು ಮಾಡಿದರೆ 47600, 47605, 47610, ಇದೇ ಕ್ರಮದಲ್ಲಿ. ಮಧ್ಯದಲ್ಲಿ ಬದಲಾದ ಕೇಸಿಗೆ ಓಪನ್ ಕೋಡ್ ಮಾತ್ರ: 47600. ಲ್ಯಾಪರೊಸ್ಕೋಪಿಗೆ ಅರ್ಧ ಗಂಟೆ ಹೋಯಿತು, ಅದನ್ನು ಸುಮ್ನೆ ಬಿಡುವುದು ಹೇಗೆ ಅಂತ ಕೆಲವರು 47562ಕ್ಕೆ ಮಾಡಿಫೈಯರ್ 53 (ಮಧ್ಯದಲ್ಲಿ ನಿಲ್ಲಿಸಿದ್ದು ಅಂತ ಹೇಳುವ ಬಾಲ) ಅಂಟಿಸಿ ಕಳಿಸುತ್ತಾರೆ. ತಪ್ಪು. ಪಿತ್ತಕೋಶ ತೆಗೆದದ್ದು ಒಂದೇ ಸಲ, ಅದೂ ಓಪನ್‌ನಲ್ಲಿ. ಅಮೆರಿಕದ ಸರಕಾರಿ ವಿಮೆ ಮೆಡಿಕೇರ್‌ನ ಎನ್‌ಸಿಸಿಐ ನಿಯಮವೂ (ಯಾವ ಕೋಡ್‌ಗಳನ್ನು ಜೊತೆಗೆ ಹಾಕಬಾರದು ಅನ್ನುವುದು) ಇದನ್ನೇ ಹೇಳುತ್ತದೆ. ಕೆಲಸ ನಿಜಕ್ಕೂ ತುಂಬಾ ಜಾಸ್ತಿಯಾಗಿದ್ದರೆ ಓಪನ್ ಕೋಡಿಗೆ ಮಾಡಿಫೈಯರ್ 22 ಹಾಕಬಹುದು. ಆದರೆ ಯಾಕೆ ಜಾಸ್ತಿಯಾಯಿತು, ಎಷ್ಟು ಜಾಸ್ತಿಯಾಯಿತು ಅಂತ ಸರ್ಜನ್ ಬರೆದಿರಬೇಕು. ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ 22 ಸಿಗುವುದಿಲ್ಲ.

ಈಗ ಆಸ್ಪತ್ರೆ ಬಿಲ್. ರೋಗಿ ಅಡ್ಮಿಟ್ ಆಗಿದ್ದರೆ ಆಸ್ಪತ್ರೆ ಬಳಸುವುದು ಐಸಿಡಿ-10-ಪಿಸಿಎಸ್, ಅಡ್ಮಿಟ್ ಆದವರ ಆಪರೇಷನ್‌ಗಳ ಕೋಡ್ ಪುಸ್ತಕ. ಇಲ್ಲಿ ನಿಯಮ ತಿರುವುಮುರುವು. ಪಿಸಿಎಸ್ ಮಾರ್ಗಸೂಚಿಯ ಬಿ3.2ರಲ್ಲಿ ಉದಾಹರಣೆಯಾಗಿ ಕೊಟ್ಟಿರುವುದೇ ನಿಮ್ಮ ಕೇಸು: ಲ್ಯಾಪರೊಸ್ಕೋಪಿ ಓಪನ್‌ಗೆ ಬದಲಾದರೆ ಒಂದು ಇನ್‌ಸ್ಪೆಕ್ಷನ್ (ಕ್ಯಾಮೆರಾದಲ್ಲಿ ನೋಡಿದ್ದು), ಒಂದು ಓಪನ್ ರಿಸೆಕ್ಷನ್ (ಕೊಯ್ದು ಪೂರ್ತಿ ತೆಗೆದದ್ದು). ಎರಡು ಕೋಡ್! ಓಪನ್ ರಿಸೆಕ್ಷನ್ ಕೋಡನ್ನು ಅಕ್ಷರ ಅಕ್ಷರ ಬಿಡಿಸಿ ಓದಿ: 0-ಎಫ್-ಟಿ-4-0-ಝಡ್-ಝಡ್. ಮೊದಲ ಸೊನ್ನೆ ಸರ್ಜರಿ ವಿಭಾಗ, ಎಫ್ ಅಂದರೆ ಯಕೃತ್ತು, ಪಿತ್ತಕೋಶ, ಮೇದೋಜೀರಕದ ಭಾಗ, ಟಿ ಅಂದರೆ ಅಂಗವನ್ನು ಪೂರ್ತಿ ತೆಗೆದದ್ದು, 4 ಪಿತ್ತಕೋಶ, ಆಮೇಲಿನ 0 ಓಪನ್. ಕೊನೆಯ ಎರಡು ಝಡ್ ಅಂದರೆ ಒಳಗೆ ಏನೂ ಬಿಟ್ಟಿಲ್ಲ, ಬೇರೆ ವಿಶೇಷ ಇಲ್ಲ. ಪೂರ್ತಿ ಲ್ಯಾಪರೊಸ್ಕೋಪಿಯಲ್ಲೇ ಮುಗಿದಿದ್ದರೆ ಐದನೇ ಜಾಗದ 0 ಹೋಗಿ 4 ಬರುತ್ತಿತ್ತು. ಅಷ್ಟೇ ವ್ಯತ್ಯಾಸ. ಇನ್‌ಸ್ಪೆಕ್ಷನ್‌ಗೆ ಟಿ ಬದಲು ಜೆ, ಹಾಗಾಗಿ 0-ಎಫ್-ಜೆ-4-4-ಝಡ್-ಝಡ್.

ಅಡ್ಮಿಟ್ ಇಲ್ಲದ ಔಟ್‌ಪೇಶೆಂಟ್ ಕೇಸಾದರೆ ಆಸ್ಪತ್ರೆಯೂ ಸಿಪಿಟಿಯನ್ನೇ ಬಳಸುತ್ತದೆ, ಆಗ ಮತ್ತೆ ಒಂದೇ ಕೋಡ್. ನಿಮ್ಮ ಸಿಪಿಸಿ (ಕೋಡರ್ ಸರ್ಟಿಫಿಕೇಟ್) ಪರೀಕ್ಷೆಗೆ ತಕೊಂಡು ಹೋಗುವ ಪುಸ್ತಕಗಳಲ್ಲಿ ಪಿಸಿಎಸ್ ಇರುವುದಿಲ್ಲ, ಆದ್ದರಿಂದ ಅಲ್ಲಿ 47600 ಬರೆದು ಮುಂದೆ ಹೋಗಿ.

ಎರಡು ಬಿಲ್ಲಿಗೂ ಸಮಾನವಾದದ್ದು ರೋಗದ ಕೋಡ್, ಐಸಿಡಿ-10-ಸಿಎಂ. ಆಪರೇಷನ್ ಬದಲಾಗಿದೆ ಅಂತ ತೋರಿಸಲು ಇಲ್ಲಿ ಝಡ್53.31 ಇದೆ. ಅದು ಯಾವತ್ತೂ ಮೊದಲನೆಯದಲ್ಲ, ಆಪರೇಷನ್‌ಗೆ ಕಾರಣವಾದ ಪಿತ್ತಕೋಶದ ಕಲ್ಲಿನ ಕೋಡ್ ಆದ ಮೇಲೆ ಬರಬೇಕು. ಹೊಸಬರು ಜಾಸ್ತಿ ಮರೆಯುವುದು ಇದನ್ನೇ.

ಆಪರೇಷನ್ ನೋಟ್ ಹೀಗಿದೆ ಅಂದುಕೊಳ್ಳಿ. ತಲೆಬರಹದಲ್ಲಿ 'ಲ್ಯಾಪ್ ಕೊಲೆಸಿಸ್ಟೆಕ್ಟಮಿ' (ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದದ್ದು) ಅಂತಿದೆ. ಒಳಗೆ ಓದಿದರೆ: ಹೊಕ್ಕುಳ ಹತ್ತಿರ ಪೋರ್ಟ್ (ಸಣ್ಣ ಕೊಳವೆ) ಹಾಕಿ ಕ್ಯಾಮೆರಾ ಇಳಿಸಿದೆವು, ಪಿತ್ತಕೋಶ ಊದಿಕೊಂಡಿತ್ತು, ಸುತ್ತ ಓಮೆಂಟಮ್ (ಹೊಟ್ಟೆಯೊಳಗಿನ ಕೊಬ್ಬಿನ ಪದರ) ಅಂಟಿಕೊಂಡಿತ್ತು, ಸಿಸ್ಟಿಕ್ ಡಕ್ಟ್ (ಪಿತ್ತಕೋಶದ ನಾಳ) ಯಾವುದು, ಕಾಮನ್ ಡಕ್ಟ್ (ಮುಖ್ಯ ಪಿತ್ತನಾಳ) ಯಾವುದು ಗೊತ್ತಾಗಲಿಲ್ಲ, ಬಲ ಪಕ್ಕೆಲುಬಿನ ಕೆಳಗೆ ಕೊಯ್ದು ಮುಂದುವರಿಸಿದೆವು. ತಲೆಬರಹ ನೋಡಿ ಕೋಡ್ ಹಾಕಿದವರು 47562ಕ್ಕೆ ಬೀಳುತ್ತಾರೆ. ಒಳಗೆ ಓದಿದವರಿಗೆ 47600 ಸಿಗುತ್ತದೆ. ಇನ್ನೊಂದು ಬಲೆಯೂ ಇದೆ. ಕಲ್ಲು ದೊಡ್ಡದಿದೆ, ಪಿತ್ತಕೋಶ ಹೊರಗೆ ಎಳೆಯಲು ಪೋರ್ಟಿನ ತೂತು ಸ್ವಲ್ಪ ಅಗಲ ಮಾಡಿದೆವು ಅಂತ ಬರೆದಿದ್ದರೆ ಅದು ಓಪನ್ ಅಲ್ಲ. ರೋಬೋಟ್ ಬಳಸಿದರೂ ಸಿಪಿಟಿಯಲ್ಲಿ ಲ್ಯಾಪರೊಸ್ಕೋಪಿಯೇ.

ಕಲ್ಲಿನ ಕೋಡಿನಲ್ಲಿ ಉರಿಯೂತ ನೋಡಬೇಕು. ಕಲ್ಲು ಮಾತ್ರ ಇದ್ದರೆ ಕೆ80.20, ಜೊತೆಗೆ ತೀವ್ರ ಉರಿಯೂತ ಇದ್ದರೆ ಕೆ80.00, ಹಳೆಯ ಉರಿಯೂತ ಇದ್ದರೆ ಕೆ80.10, ಎರಡೂ ಇದ್ದರೆ ಕೆ80.12. ಪಿತ್ತ ಹರಿಯಲು ಅಡೆತಡೆ ಇದ್ದರೆ ಕೊನೆಯ ಅಂಕಿ ಬದಲಾಗುತ್ತದೆ, ಕೆ80.00 ಇದ್ದದ್ದು ಕೆ80.01 ಆಗುತ್ತದೆ. ಔಟ್‌ಪೇಶೆಂಟ್ ಕೇಸಿನಲ್ಲಿ ಪೆಥಾಲಜಿ ರಿಪೋರ್ಟ್ ಕೈಗೆ ಬಂದಿದ್ದರೆ ಅದರಲ್ಲಿರುವುದನ್ನು ಕೋಡ್ ಮಾಡಬಹುದು. ಅಡ್ಮಿಟ್ ಆದವರಿಗೆ ಹಾಗಿಲ್ಲ, ನೋಡಿಕೊಳ್ಳುವ ಡಾಕ್ಟರ್ ಒಪ್ಪಿ ಬರೆಯಬೇಕು, ಇಲ್ಲದಿದ್ದರೆ ಅವರಿಗೆ ಕ್ವೆರಿ, ಅಂದರೆ ಪ್ರಶ್ನೆ, ಕಳಿಸಿ.

ಮನೆಯವರ ಇನ್ಶೂರೆನ್ಸ್ ಫೈಲಿನಲ್ಲಿ ಬರೀ ಕೆ80.2 ಕಂಡರೆ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಇರುವುದು ಅಷ್ಟೇ, ಐದನೇ ಅಂಕಿಯನ್ನು ಸೇರಿಸಿಕೊಂಡವರು ಅಮೆರಿಕದವರು. ಇನ್ನು, ಆಪರೇಷನ್ ಆಗಿ ವರ್ಷ ಕಳೆದು ಅದೇ ರೋಗಿ ಬೇರೆ ಯಾವುದೋ ಕಾರಣಕ್ಕೆ ಬಂದರೆ ಹಳೆಯ ಚಾರ್ಟಿನಿಂದ ಕೆ80 ಎತ್ತಿ ಹಾಕಬೇಡಿ. ಪಿತ್ತಕೋಶವೇ ಇಲ್ಲವಲ್ಲ. ಅದಕ್ಕೆ ಝಡ್90.49.