ನಡತೆಯ ಪ್ರಶ್ನೆ ಕೋರ್ಟಿನಿಂದ ಇನ್ನೂ ಹೊರಗೆ ಹೋಗಿಲ್ಲ

2002ರ ಕೊನೆಯವರೆಗೂ ನಮ್ಮ ಸಾಕ್ಷ್ಯ ಕಾಯ್ದೆಯಲ್ಲಿ ಒಂದು ನಿಯಮ ಇತ್ತು. 155ನೇ ಸೆಕ್ಷನ್ನಿನ ನಾಲ್ಕನೇ ಭಾಗ. ಅತ್ಯಾಚಾರದ ಆರೋಪ ಹೊತ್ತವನು, ತನ್ನ ಮೇಲೆ ದೂರು ಕೊಟ್ಟ ಹೆಂಗಸು ಒಟ್ಟಾರೆ ನಡತೆಗೆಟ್ಟವಳು ಎಂದು ಕೋರ್ಟಿನಲ್ಲಿ ತೋರಿಸಬಹುದಿತ್ತು. ಹಾಗೆ ತೋರಿಸಿ, ಅವಳ ಮಾತು ನಂಬಬೇಡಿ ಎಂದು ವಾದಿಸಬಹುದಿತ್ತು. ಅದೇ ಕಾಯ್ದೆಯ 54ನೇ ಸೆಕ್ಷನ್ ಏನು ಹೇಳುತ್ತಿತ್ತು ನೋಡಿ. ಆರೋಪಿಯ ಹಿಂದಿನ ಕೆಟ್ಟ ನಡತೆಯನ್ನು ಸುಮ್ನೆ ಸಾಕ್ಷ್ಯವಾಗಿ ತರುವಂತಿಲ್ಲ. ತಾನು ಒಳ್ಳೆಯವನು ಎಂದು ಅವನೇ ತೋರಿಸಲು ಹೊರಟರೆ ಮಾತ್ರ ಆ ವಿಷಯ ಎತ್ತಬಹುದು. ಅವನ ಹಳೆಯ ಬದುಕಿಗೆ ಕಾನೂನಿನ ಕಾವಲಿತ್ತು. ಅವಳ ಹಳೆಯ ಬದುಕನ್ನು ಯಾರು ಬೇಕಾದರೂ ಕೆದಕಬಹುದಿತ್ತು. 130 ವರ್ಷ ಹೀಗೇ ನಡೆಯಿತು.

ಈ ಕಾಯ್ದೆಯನ್ನು 1872ರಲ್ಲಿ ರೂಪಿಸಿದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಅವರ ಹಿಂದೆ ಇಂಗ್ಲೆಂಡಿನ ಕೋರ್ಟುಗಳ ಹಳೆಯ ಅಭ್ಯಾಸ ಇತ್ತು. 17ನೇ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟ ಒಂದು ಎಚ್ಚರಿಕೆಯನ್ನು ಅಲ್ಲಿ ತಲೆತಲಾಂತರ ಹೇಳಿಕೊಂಡು ಬರುತ್ತಿದ್ದರು: ಈ ಆರೋಪ ಹೊರಿಸುವುದು ಸುಲಭ, ಸಾಬೀತು ಮಾಡುವುದು ಕಷ್ಟ, ನಿರಪರಾಧಿಗೆ ಇದರಿಂದ ಪಾರಾಗುವುದು ಇನ್ನೂ ಕಷ್ಟ. ಹೊರಿಸುವುದು ಸುಲಭ ಅನ್ನುವ ಮಾತನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಯಾವ ಹೆಂಗಸೂ ಒಪ್ಪಲಾರಳು. ಆದರೂ ಅನುಮಾನ ಮೊದಲು ಅವಳ ಮೇಲೇ ಇರಲಿ ಅನ್ನುವ ಈ ರೂಢಿ ನಮ್ಮ ಕೋರ್ಟುಗಳಿಗೂ ಬಂತು. ಇಲ್ಲಿನ ಜಾತಿ, ಮಾನ, ಮರ್ಯಾದೆಯ ಲೆಕ್ಕಾಚಾರಗಳು ಅದಕ್ಕೆ ಚೆನ್ನಾಗಿ ಒಗ್ಗಿಕೊಂಡವು.

ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಲು ಮಹಾರಾಷ್ಟ್ರದ ದೇಸಾಯಿಗಂಜ್‌ಗೆ ಹೋಗಬೇಕು. 1972ರ ಮಾರ್ಚ್ 26ರ ರಾತ್ರಿ. ತಂದೆತಾಯಿ ಇಲ್ಲದ ಒಬ್ಬ ಆದಿವಾಸಿ ಹುಡುಗಿ, ಹದಿನಾಲ್ಕರಿಂದ ಹದಿನಾರರ ವಯಸ್ಸು, ಮನೆಗೆಲಸ ಮಾಡಿಕೊಂಡಿದ್ದಳು. ಅವಳು ಒಬ್ಬ ಹುಡುಗನನ್ನು ಇಷ್ಟಪಟ್ಟಿದ್ದಳು. ಆ ವಿಷಯದಲ್ಲಿ ಅಣ್ಣ ಕೊಟ್ಟ ದೂರಿಗಾಗಿ ಎಲ್ಲರನ್ನೂ ಠಾಣೆಗೆ ಕರೆಸಿದ್ದರು. ಹೇಳಿಕೆ ಬರೆದುಕೊಂಡ ಮೇಲೆ ಉಳಿದವರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನು ಒಳಗೆ ಉಳಿಸಿಕೊಂಡರು. ಠಾಣೆಯ ಬಾಗಿಲು ಮುಚ್ಚಿತು, ದೀಪ ಆರಿತು. ಒಬ್ಬ ಕಾನ್‌ಸ್ಟೆಬಲ್ ಅತ್ಯಾಚಾರ ಮಾಡಿದ, ಇನ್ನೊಬ್ಬ ಮೈಮೇಲೆ ಕೈ ಹಾಕಿದ ಎಂಬುದು ಅವಳ ದೂರು.

ಸೆಷನ್ಸ್ ಕೋರ್ಟ್ 1974ರಲ್ಲಿ ಇಬ್ಬರನ್ನೂ ಬಿಟ್ಟಿತು. ಅವಳು ಸುಳ್ಳುಗಾತಿ, ಲೈಂಗಿಕ ಸಂಪರ್ಕ ರೂಢಿಯಾದವಳು ಎಂದು ತೀರ್ಪಿನಲ್ಲಿ ಬರೆಯಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಇದನ್ನು ಒಪ್ಪಲಿಲ್ಲ. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ಹೇಳಿ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಮೈಮೇಲೆ ಗಾಯ ಇಲ್ಲ, ಆದ್ದರಿಂದ ಅವಳು ಎದುರಿಸಿಲ್ಲ, ಆದ್ದರಿಂದ ಅವಳು ಒಪ್ಪಿದ್ದಳು ಎಂಬಂತೆ ಸಾಗಿತ್ತು ಆ ತೀರ್ಪಿನ ತರ್ಕ. ಅವಳ ದೇಹದ ವೈದ್ಯಕೀಯ ಪರೀಕ್ಷೆಯ ವಿವರ, 'ಎರಡು ಬೆರಳು' ಅನ್ನುವ ಮಾತೂ ಸೇರಿ, ಆ ತೀರ್ಪಿನಲ್ಲಿ ಇಂದಿಗೂ ಅಚ್ಚಾಗಿ ಉಳಿದಿದೆ. ರಾತ್ರಿ ಹತ್ತೂವರೆಗೆ, ಬಾಗಿಲು ಹಾಕಿದ ಠಾಣೆಯಲ್ಲಿ, ಸಮವಸ್ತ್ರ ತೊಟ್ಟವರ ಎದುರು ಒಬ್ಬ ಬಡ ಹುಡುಗಿ ಹೇಗೆ ಎದುರಿಸಬೇಕಿತ್ತು?

ಇದೇ ಪ್ರಶ್ನೆಯನ್ನು 1979ರ ಸೆಪ್ಟೆಂಬರಿನಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಬಹಿರಂಗ ಪತ್ರ ಬರೆದು ಕೇಳಿದರು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಮತ್ತು ರಘುನಾಥ ಕೇಳ್ಕರ್. ದೇಶದ ಅತಿ ದೊಡ್ಡ ಕೋರ್ಟಿಗೆ ಹೀಗೆ ಎದುರು ನಿಂತು ಬರೆಯುವುದು ಆಗ ಸಣ್ಣ ಧೈರ್ಯ ಅಲ್ಲ. ಪತ್ರದ ಬೆನ್ನಿಗೆ ಹಲವು ಊರುಗಳಲ್ಲಿ ಮಹಿಳೆಯರು ಬೀದಿಗೆ ಇಳಿದರು. ತೀರ್ಪು ಬದಲಾಗಲಿಲ್ಲ. ಕಾನೂನು ಬದಲಾಯಿತು.

ಆ ಹುಡುಗಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಕಾನೂನು ಓದಿದವರೆಲ್ಲರಿಗೂ ಆ ಹೆಸರು ಗೊತ್ತು, ಪ್ರಕರಣವನ್ನು ಕರೆಯುವುದೇ ಆ ಹೆಸರಿನಿಂದ. ಸಂತ್ರಸ್ತೆಯ ಹೆಸರು ಅಚ್ಚು ಹಾಕಬಾರದು ಎಂಬ ಕಾನೂನು ಬರಲು ಕಾರಣವಾದವಳಿಗೇ ಆ ಕಾನೂನಿನ ರಕ್ಷಣೆ ಸಿಗಲಿಲ್ಲ ಅನ್ನುವುದು ನನ್ನನ್ನು ಯಾವಾಗಲೂ ಕಾಡುತ್ತದೆ.

1983ರ ತಿದ್ದುಪಡಿಯಲ್ಲಿ ಮೂರು ಮುಖ್ಯ ವಿಷಯಗಳಿದ್ದವು. ಪೊಲೀಸ್ ವಶದಲ್ಲಿದ್ದಾಗ ಇಂಥ ಕೃತ್ಯ ನಡೆದು, ತಾನು ಒಪ್ಪಿರಲಿಲ್ಲ ಎಂದು ಮಹಿಳೆ ಹೇಳಿದರೆ, ಕೋರ್ಟ್ ಅದನ್ನೇ ನಂಬಿ ಮುಂದುವರಿಯಬೇಕು. ಅತ್ಯಾಚಾರದ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ, ಅಂದರೆ 'ಇನ್ ಕ್ಯಾಮೆರಾ' ನಡೆಯಬೇಕು. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಅಪರಾಧ. ದೊಡ್ಡ ಹೆಜ್ಜೆಗಳೇ ಇವು. ಆದರೆ 155(4) ಹಾಗೇ ಉಳಿಯಿತು! ಹೊರಗಿನವರ ಕಣ್ಣಿಗೆ ಬಾಗಿಲು ಹಾಕಿದರು, ಬಾಗಿಲ ಒಳಗೆ ಕೇಳುವ ಪ್ರಶ್ನೆಗಳನ್ನು ಮುಟ್ಟಲಿಲ್ಲ.

ಮುಚ್ಚಿದ ಬಾಗಿಲೂ ಎಷ್ಟೋ ಕಡೆ ಕಾಗದದ ಮೇಲೇ ಇತ್ತು. 1996ರಲ್ಲಿ ಪಂಜಾಬಿನ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಇದನ್ನು ಮತ್ತೆ ನೆನಪಿಸಬೇಕಾಯಿತು. ಅಲ್ಲಿ ಹತ್ತನೇ ತರಗತಿ ಪರೀಕ್ಷೆ ಬರೆಯುತ್ತಿದ್ದ ಹುಡುಗಿಯ ನಡತೆ ಸರಿಯಿಲ್ಲ ಎಂದು ವಿಚಾರಣಾ ಕೋರ್ಟ್ ಆಧಾರವಿಲ್ಲದೆ ಬರೆದಿತ್ತು. ಆ ತೀರ್ಪು ಹೇಳಿದ ಇನ್ನೊಂದು ಮಾತು ಮುಖ್ಯ. ಆರೋಪಿ ಪರ ವಕೀಲರು ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಉದ್ದೇಶ ಸತ್ಯ ತಿಳಿಯುವುದಲ್ಲ, ಅವಳ ಮಾತಿನಲ್ಲಿ ಎಲ್ಲಾದರೂ ವ್ಯತ್ಯಾಸ ಹುಟ್ಟಿಸುವುದು. ಇದನ್ನು ನೋಡಿಕೊಂಡು ನ್ಯಾಯಾಧೀಶರು ಮೂಕ ಪ್ರೇಕ್ಷಕರಾಗಿ ಕೂರಬಾರದು ಎಂದಿತು ಕೋರ್ಟ್.

ಪಾಟಿ ಸವಾಲೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಹತ್ತು ವರ್ಷ, ಜೀವಾವಧಿ ಶಿಕ್ಷೆಯಾಗಬಹುದಾದ ಆರೋಪ ಇದು. ಎದುರಿನ ಸಾಕ್ಷಿಯನ್ನು ಪ್ರಶ್ನಿಸುವುದು ಆರೋಪಿಯ ಹಕ್ಕು, ಅದು ಇರಲೇಬೇಕು. ಖುಲಾಸೆಯಾದ ಪ್ರತಿ ಕೇಸಿನಲ್ಲೂ ಅನ್ಯಾಯವಾಗಿದೆ ಎಂದೂ ಅಲ್ಲ. ಆ ದಿನ ಏನಾಯಿತು ಎಂದು ನೂರು ಸಲ ಕೇಳಲಿ. ಐದು ವರ್ಷದ ಹಿಂದೆ ಅವಳಿಗೆ ಯಾರ ಜೊತೆ ಸ್ನೇಹ ಇತ್ತು ಅನ್ನುವುದರಿಂದ ಆ ದಿನದ ಸತ್ಯ ಹೇಗೆ ಗೊತ್ತಾಗುತ್ತದೆ?

ಕಾನೂನು ಆಯೋಗ 2000ದಲ್ಲಿ ಕೊಟ್ಟ 172ನೇ ವರದಿಯಲ್ಲಿ 155(4) ತೆಗೆಯಿರಿ ಎಂದು ಹೇಳಿತು. 2002ರ ತಿದ್ದುಪಡಿ ಅದನ್ನು ತೆಗೆಯಿತು. ಪಾಟಿ ಸವಾಲಿನಲ್ಲಿ ಅವಳ ನಡತೆಯ ಬಗ್ಗೆ ಕೇಳುವಂತಿಲ್ಲ ಎಂದೂ ಸೇರಿಸಿತು. ದೆಹಲಿಯ 2012ರ ಡಿಸೆಂಬರ್ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು. 2013ರಲ್ಲಿ ಬಂದ ಕಾನೂನು ಇನ್ನಷ್ಟು ಬಿಗಿಯಾಯಿತು: ಒಪ್ಪಿಗೆ ಇತ್ತೇ ಎಂದು ತೀರ್ಮಾನಿಸುವಾಗ ಹಿಂದಿನ ಲೈಂಗಿಕ ಅನುಭವ ಲೆಕ್ಕಕ್ಕೆ ಬರುವುದಿಲ್ಲ, ಮೈಕೈ ಬಳಸಿ ಎದುರಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದ್ದಳು ಎನ್ನುವಂತಿಲ್ಲ. ಠಾಣೆಯ ಆ ಹುಡುಗಿಗೆ ಬೇಕಿದ್ದ ವಾಕ್ಯ ಇದು. ಬರಲು 41 ವರ್ಷ ಹಿಡಿಯಿತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಗಳಲ್ಲೂ ಈ ನಿಯಮಗಳು ಬೇರೆ ಸಂಖ್ಯೆಗಳಲ್ಲಿ ಮುಂದುವರಿದಿವೆ.

ಅವಳಿಗೆ ಲೈಂಗಿಕ ಸಂಪರ್ಕ ರೂಢಿಯಾಗಿದೆಯೇ ಎಂದು ವೈದ್ಯರು ಬೆರಳು ಹಾಕಿ ನೋಡುವ 'ಎರಡು ಬೆರಳಿನ ಪರೀಕ್ಷೆ' ಹೋಗಲು ಇನ್ನೂ ಜಾಸ್ತಿ ಹೊತ್ತು ಬೇಕಾಯಿತು. ಈ ಪರೀಕ್ಷೆಗೆ ವಿಜ್ಞಾನದ ಆಧಾರವೇ ಇಲ್ಲ. ಅತ್ಯಾಚಾರ ನಡೆಯಿತೇ ಇಲ್ಲವೇ ಎಂದು ಅದು ಹೇಳುವುದೂ ಇಲ್ಲ. ನಡತೆಯ ಪ್ರಶ್ನೆಯನ್ನೇ ವೈದ್ಯರ ಕೈಯಲ್ಲಿ ಕೇಳಿಸುವ ವಿಧಾನ ಅದು, ಅಷ್ಟೆ. 2013ರಲ್ಲಿ ಸುಪ್ರೀಂ ಕೋರ್ಟ್ ಇದು ಮಹಿಳೆಯ ಖಾಸಗಿತನ ಮತ್ತು ಘನತೆಯ ಮೇಲಿನ ದಾಳಿ ಎಂದಿತು. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಬೇಡ ಎಂದು ಮಾರ್ಗಸೂಚಿ ಹೊರಡಿಸಿತು. ಆದರೂ ನಿಲ್ಲಲಿಲ್ಲ. 2022ರ ಅಕ್ಟೋಬರ್ 31ರಂದು, ಜಾರ್ಖಂಡಿನ ಪ್ರಕರಣವೊಂದರಲ್ಲಿ, ಇನ್ನು ಮುಂದೆ ಈ ಪರೀಕ್ಷೆ ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಲಾಗುವುದು ಎಂದು ಕೋರ್ಟ್ ಹೇಳಬೇಕಾಯಿತು.

ಇಷ್ಟಾದ ಮೇಲೆ ವಿಷಯ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. 'ನಡತೆ' ಅನ್ನುವ ಮಾತು ಹೋಗಿ 'ವರ್ತನೆ' ಬಂತು. ಅವಳು ಮೊದಲು ಹೇಗಿದ್ದಳು ಎಂದು ಕೇಳುವುದರ ಬದಲು, ನಂತರ ಹೇಗೆ ನಡೆದುಕೊಂಡಳು ಎಂದು ಕೇಳತೊಡಗಿದರು.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ, ದೂರುದಾರ ಮಹಿಳೆ ರಾತ್ರಿ 11ಕ್ಕೆ ಆಫೀಸಿಗೆ ಏಕೆ ಹೋದರು ಎಂದು ಕೇಳಿತು. ಕೃತ್ಯದ ನಂತರ ಸುಸ್ತಾಗಿ ನಿದ್ದೆ ಹೋದೆ ಎಂದು ಅವರು ಹೇಳಿದ್ದು ಭಾರತೀಯ ಮಹಿಳೆಗೆ ತಕ್ಕುದಲ್ಲ, ನಮ್ಮ ಹೆಂಗಸರು ಹಾಗೆ ನಡೆದುಕೊಳ್ಳುವುದಿಲ್ಲ ಎಂದೂ ಬರೆಯಿತು. ದೇಶವೆಲ್ಲ ಟೀಕೆ ಬಂದ ಮೇಲೆ ಆ ಸಾಲನ್ನು ತೆಗೆಯಲಾಯಿತು. ಆಘಾತವಾದಾಗ ಕೆಲವರು ಅಳುತ್ತಾರೆ, ಕೆಲವರು ಕಲ್ಲಾಗುತ್ತಾರೆ, ಕೆಲವರಿಗೆ ಒಂದೇ ಸಮನೆ ನಿದ್ದೆ ಬರುತ್ತದೆ, ಕೆಲವರು ಮರುದಿನ ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಇದಕ್ಕೆ ಭಾರತೀಯ ರೀತಿ ಅಂತ ಒಂದಿಲ್ಲ.

ಮರುವರ್ಷ ಗೋವಾದಲ್ಲಿ ಇದೇ ಧಾಟಿ ಇನ್ನೂ ವಿಸ್ತಾರವಾಗಿ ಕಂಡಿತು. ಪತ್ರಿಕಾ ಸಂಪಾದಕರೊಬ್ಬರನ್ನು ಖುಲಾಸೆ ಮಾಡಿದ ಸೆಷನ್ಸ್ ಕೋರ್ಟ್ 500ಕ್ಕೂ ಹೆಚ್ಚು ಪುಟದ ತೀರ್ಪಿನಲ್ಲಿ, ದೂರುದಾರ ಯುವತಿಯ ವರ್ತನೆ ಇಂಥ ಘಟನೆಗೆ ಒಳಗಾದವರಲ್ಲಿ ಕಾಣಬೇಕಾದಂತೆ ಇರಲಿಲ್ಲ ಎಂದು ಹೇಳಿತು. ಅವರ ಖಾಸಗಿ ಮೆಸೇಜುಗಳು ತೀರ್ಪಿನೊಳಗೆ ಬಂದವು. ಗುರುತು ಸಿಗುವಂಥ ವಿವರಗಳೂ ಇದ್ದವು; ಅವನ್ನು ಅಳಿಸಿ ಪ್ರಕಟಿಸಿ ಎಂದು ಬಾಂಬೆ ಹೈಕೋರ್ಟ್ ಆದೇಶಿಸಬೇಕಾಯಿತು. ಹಿಂದೆ ಅಕ್ಕಪಕ್ಕದವರ ಮಾತಿನಿಂದ ಕಟ್ಟುತ್ತಿದ್ದ ನಡತೆಯ ಕಥೆಯನ್ನು ಈಗ ಅವಳದೇ ಮೊಬೈಲಿನಿಂದ ಕಟ್ಟಬಹುದು. ಗೆಳತಿಗೆ ಕಳಿಸಿದ ಒಂದು ತಮಾಷೆ ಸಾಕು.

ಅದೇ 2021ರ ಮಾರ್ಚ್‌ನಲ್ಲಿ ವಕೀಲೆ ಅಪರ್ಣಾ ಭಟ್ ಹಾಕಿದ್ದ ಪ್ರಕರಣದ ತೀರ್ಪು ಬಂದಿತ್ತು. ಕಿರುಕುಳ ಕೊಟ್ಟ ಆರೋಪಿ, ದೂರು ಕೊಟ್ಟವಳ ಮನೆಗೇ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕು ಎಂದು ಮಧ್ಯಪ್ರದೇಶ ಹೈಕೋರ್ಟ್ ಹಾಕಿದ್ದ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ ಅದರಲ್ಲಿ ರದ್ದು ಮಾಡಿತು. ರಾತ್ರಿ ಒಬ್ಬಳೇ ಇದ್ದಳು, ಇಂಥ ಬಟ್ಟೆ ಹಾಕಿದ್ದಳು ಎಂಬಂಥ ಮಾತು ಆದೇಶಗಳಲ್ಲಿ ಬರಬಾರದು ಎಂದು ಪಟ್ಟಿಯನ್ನೇ ಕೊಟ್ಟಿತು. ಆದರೂ 2025ರಲ್ಲಿ ಅಲಹಾಬಾದ್ ಹೈಕೋರ್ಟಿನ ಜಾಮೀನು ಆದೇಶವೊಂದು, ದೂರು ಕೊಟ್ಟ ವಿದ್ಯಾರ್ಥಿನಿ ತಾನೇ ತೊಂದರೆ ತಂದುಕೊಂಡಳು, ಅದಕ್ಕೆ ಅವಳೇ ಹೊಣೆ ಎಂದಿತು. ಸುಪ್ರೀಂ ಕೋರ್ಟ್ ಮತ್ತೆ ಬೇಸರ ವ್ಯಕ್ತಪಡಿಸಿತು.

ಕೋರ್ಟಿನ ಹೊರಗೂ ಇದೇ ದನಿ. 2021ರಲ್ಲಿ ಮೈಸೂರಿನ ಸಾಮೂಹಿಕ ಅತ್ಯಾಚಾರ ನಡೆದಾಗ, ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಹೋಗಬಾರದಿತ್ತು ಎಂದವರು ಅಂದಿನ ಗೃಹ ಸಚಿವರು.

ಇನ್ನು ಹೆಸರಿನ ವಿಷಯ. ಗುರುತು ಮುಚ್ಚಿಡುವ ಕಾನೂನು ಪತ್ರಿಕೆಗಳಿಗೆ ಅನ್ವಯಿಸಿದರೂ ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ವಿನಾಯಿತಿ ಇತ್ತು. 2003ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್, ತೀರ್ಪುಗಳಲ್ಲೂ ಹೆಸರು ಬರೆಯದಿರುವುದೇ ಸರಿ ಎಂದಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ನಿಪುಣ್ ಸಕ್ಸೇನಾ ತೀರ್ಪು ಹೆಸರಷ್ಟೇ ಅಲ್ಲ, ಗುರುತು ಹಿಡಿಯಲು ಸಾಧ್ಯವಾಗುವ ಯಾವ ವಿವರವನ್ನೂ ಹೊರಗೆ ಬಿಡಬಾರದು ಎಂದಿತು. ಸಣ್ಣ ಊರಿನಲ್ಲಿ ಓಣಿಯ ಹೆಸರು, ಅಪ್ಪನ ಅಂಗಡಿ, ಓದುವ ಕಾಲೇಜು ಹೇಳಿದರೆ ಸಾಕಲ್ಲ, ಯಾರು ಎಂದು ಗೊತ್ತಾಗಲು.

ಹಾಸನದಲ್ಲಿ 2024ರ ಏಪ್ರಿಲ್‌ನಲ್ಲಿ ಆದದ್ದು ಇದೆಲ್ಲವನ್ನೂ ಮೀರಿತು. ಲೋಕಸಭೆ ಚುನಾವಣೆಯ ಹೊತ್ತಿಗೆ ಪೆನ್ ಡ್ರೈವ್‌ಗಳಲ್ಲಿ ಲೈಂಗಿಕ ದೌರ್ಜನ್ಯದ್ದು ಎನ್ನಲಾದ ವಿಡಿಯೊಗಳು ಹರಿದಾಡಿದವು. ಹೆಂಗಸರ ಮುಖ ಮಸುಕು ಮಾಡುವಷ್ಟು ಮರ್ಯಾದೆಯನ್ನೂ ಹಂಚಿದವರು ತೋರಿಸಲಿಲ್ಲ. ರಾಜಕೀಯ ಲಾಭಕ್ಕೆ ಹಂಚಿದರು, ಕುತೂಹಲಕ್ಕೆ ಫಾರ್ವರ್ಡ್ ಮಾಡಿದರು. ಠಾಣೆಗೆ ಹೋಗುವ ಮೊದಲೇ ಊರಿಗೆಲ್ಲ ಗುರುತಾಗಿಹೋದ ಹೆಂಗಸು ಸಾಕ್ಷಿ ಹೇಳಲು ಬರುವುದು ಎಷ್ಟು ಕಷ್ಟ ಎಂದು ಯೋಚಿಸಿ. ಹಾಗಿದ್ದೂ ಮನೆಗೆಲಸ ಮಾಡುತ್ತಿದ್ದ ಒಬ್ಬ ಮಹಿಳೆ ಬಂದು ಸಾಕ್ಷಿ ಹೇಳಿದರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದ್ದಾರೆ.

ನನಗೆ ಹೆಚ್ಚು ಭರವಸೆ ಕಾಣುವುದು ಹೊಸ ಕಾನೂನಿನಲ್ಲಲ್ಲ, ಈಗಾಗಲೇ ಇರುವ ಅಧಿಕಾರದಲ್ಲಿ. ಪ್ರಕರಣಕ್ಕೆ ಸಂಬಂಧವಿಲ್ಲದ ಅಸಭ್ಯ ಪ್ರಶ್ನೆಗಳನ್ನು ತಡೆಯಬಹುದು, ಅವಮಾನ ಮಾಡಲೆಂದೇ ಕೇಳುವ ಪ್ರಶ್ನೆಗಳನ್ನು ತಡೆಯಲೇಬೇಕು ಎಂದು ಅದೇ 1872ರ ಕಾಯ್ದೆ ನ್ಯಾಯಾಧೀಶರಿಗೆ ಹೇಳಿತ್ತು. 2004ರಲ್ಲಿ 'ಸಾಕ್ಷಿ' ಎಂಬ ಸ್ವಯಂಸೇವಾ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆರೋಪಿ ಕಾಣದಂತೆ ಪರದೆ ಹಾಕಿ, ಘಟನೆಯ ಬಗೆಗಿನ ಪಾಟಿ ಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರ ಕೈಗೆ ಕೊಡಲಿ, ಅವರೇ ಮುಜುಗರವಾಗದ ಮಾತಿನಲ್ಲಿ ಕೇಳಲಿ ಎಂದಿತು. ಮಕ್ಕಳಿಗಾಗಿ 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕ ಕೇಳಬೇಕು. ಮಗುವಿನ ಚಾರಿತ್ರ್ಯಹರಣಕ್ಕೆ ಕೋರ್ಟ್ ಅವಕಾಶ ಕೊಡಕೂಡದು ಎಂದು 33ನೇ ಸೆಕ್ಷನ್‌ನಲ್ಲೇ ಬರೆದಿದೆ.

ಹುಡುಗಿಗೆ ಹದಿನೆಂಟು ತುಂಬಿದ ಮರುದಿನ ಈ ರಕ್ಷಣೆ ತೆಳುವಾಗುತ್ತದೆ. ವಯಸ್ಕ ಮಹಿಳೆಯರ ಪ್ರಕರಣಗಳಲ್ಲೂ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಹೋಗಲಿ. ಯಾವ ಪ್ರಶ್ನೆಯನ್ನು ತಡೆದರು, ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದು ದಾಖಲೆಯಲ್ಲಿ ಬರಲಿ. ಆಗ ಮೇಲಿನ ಕೋರ್ಟಿಗೆ ಓದಲು ತೀರ್ಪು ಮಾತ್ರವಲ್ಲ, ಆ ಕೋಣೆಯಲ್ಲಿ ನಡೆದದ್ದೂ ಸಿಗುತ್ತದೆ.