‘ಕರೆಂಟ್’ನಿಂದ ಐಎಂಆರ್‌ಟಿಗೆ: ನಡುವೆ ಬದಲಾದದ್ದೇನು?

ತೀರ್ಥಹಳ್ಳಿ, ಹೊಸನಗರದ ಕಡೆ ರೇಡಿಯೋಥೆರಪಿಗೆ ಈಗಲೂ ‘ಕರೆಂಟ್ ಕೊಡಿಸೋದು’ ಎಂದೇ ಹೆಸರು. ಆದರೆ ಬಾಯಿ ಕ್ಯಾನ್ಸರಿನ ರೋಗಿಯ ಜತೆ ಬಂದವರು ಈಗ ಇನ್ನೊಂದು ಮಾತು ಸೇರಿಸುತ್ತಾರೆ: ‘ಸಾದಾದ್ದಾ, ಐಎಂಆರ್‌ಟಿಯಾ?’ ಐಎಂಆರ್‌ಟಿ ಎಂದರೆ ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುವ ರೇಡಿಯೋಥೆರಪಿ.

1895ರಲ್ಲಿ ಎಕ್ಸ್‌ರೇ, 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಕಿರಣದ ಯಂತ್ರ, 1953ರಲ್ಲಿ ಲಂಡನ್ನಿನಲ್ಲಿ ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಲಿನಾಕ್ ಯಂತ್ರ, 70ರ ದಶಕದಲ್ಲಿ ಸಿಟಿ ಸ್ಕ್ಯಾನ್. ಬಹುಕಾಲ ಕಿರಣ ಚೌಕಾಕಾರದಲ್ಲೇ ಬೀಳುತ್ತಿತ್ತು. ಬೇಡದ ಕಡೆ ಸೀಸದ ಬ್ಲಾಕ್ ಅಡ್ಡ ಇಡುತ್ತಿದ್ದರು. 80ರ ದಶಕದಲ್ಲಿ ಸ್ವೀಡನ್ನಿನ ಆಂಡರ್ಸ್ ಬ್ರಾಹ್ಮೆ ಲೆಕ್ಕವನ್ನೇ ತಿರುವಿಹಾಕಿದರು: ಎಲ್ಲೆಲ್ಲಿ ಎಷ್ಟು ಡೋಸ್ ಬೇಕೆಂದು ಮೊದಲು ನಿಗದಿ ಮಾಡಿ, ಅದಕ್ಕೆ ಕಿರಣ ಹೇಗಿರಬೇಕೆಂದು ಹಿಂದಿನಿಂದ ಕಂಡುಹಿಡಿಯುವುದು. 90ರ ದಶಕದಲ್ಲಿ ಅದು ಐಎಂಆರ್‌ಟಿಯಾಗಿ ರೋಗಿಯ ಮಂಚದವರೆಗೆ ಬಂತು. ಕಿರಣವನ್ನು ಕತ್ತರಿಸುವುದು ಟಂಗ್‌ಸ್ಟನ್ ಪಟ್ಟಿಗಳ ಸಾಲು, ಪಟ್ಟಿಗೊಂದು ಮೋಟಾರು.

ಗಂಟಲಿನ ಗಡ್ಡೆಗೆ ಸಾಮಾನ್ಯವಾಗಿ ಒಟ್ಟು 70 ಗ್ರೇ (ಗ್ರೇ ಎಂದರೆ ಡೋಸಿನ ಅಳತೆ), 35 ಸಲ, ಏಳು ವಾರ. ಕಿವಿಯ ಕೆಳಗಿನ ಜೊಲ್ಲುಗ್ರಂಥಿಗೆ ಸರಾಸರಿ 26 ಗ್ರೇ ದಾಟಬಾರದು. ಹಳೆಯ ವಿಧಾನದಲ್ಲಿ ಅದು ಆಗದ ಮಾತು. 2011ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಾಗಿ ಬಾಯಿ ಒಣಗುತ್ತಿದ್ದವರು ಹಳೆಯ ವಿಧಾನದಲ್ಲಿ ಶೇ. 74, ಐಎಂಆರ್‌ಟಿಯಲ್ಲಿ ಶೇ. 38. ಬದುಕುಳಿದವರ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಜಾಹೀರಾತುಗಳಲ್ಲಿ ಈ ಎರಡನೆಯ ಸಾಲು ಇರುವುದಿಲ್ಲ. ಹಾಗೆಂದು ಮೊದಲನೆಯದು ಸಣ್ಣದಲ್ಲ. ನೀರು ಕುಡಿಯದೆ ಒಂದು ತುತ್ತು ಅನ್ನ ಇಳಿಯದವರನ್ನು ಕೇಳಿ ನೋಡಬೇಕು.

ತೊಡಕು ಶುರುವಾಗುವುದು ಯಂತ್ರ ಬಂದ ಮೇಲೆ. ಸುಮಾರು 70 ಡಿಗ್ರಿ ನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆಳೆದು, ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಮಾಡುತ್ತಾರೆ. ಮೂರನೆಯ ವಾರಕ್ಕೆ ಬಾಯಿ ಹುಣ್ಣಾಗಿ, ಗಂಜಿಯೂ ಸೇರದೆ, ತೂಕ ಇಳಿಯುತ್ತದೆ; ಮಾಸ್ಕ್ ಸಡಿಲ. ಗಡ್ಡೆಯ ಸುತ್ತ ಬಿಟ್ಟಿರುವ ಅಂಚು 3ರಿಂದ 5 ಮಿ.ಮೀ. ಅಷ್ಟೆ. ಅಗಲವಾದ ಹಳೆಯ ಕಿರಣ ಈ ತಪ್ಪನ್ನು ನುಂಗಿಕೊಳ್ಳುತ್ತಿತ್ತು, ಇದು ನುಂಗುವುದಿಲ್ಲ. ಮತ್ತೆ ಸಿಟಿ, ಹೊಸ ಮಾಸ್ಕ್, ಹೊಸ ಪ್ಲ್ಯಾನ್.

ಪ್ಲ್ಯಾನನ್ನು ರೋಗಿಗೆ ಕೊಡುವ ಮುನ್ನ ಡೋಸಿನ ಲೆಕ್ಕ ನೋಡುವ ಫಿಸಿಸಿಸ್ಟ್ ಅದನ್ನು ರೋಗಿಯ ಬದಲು ಇಡುವ ಅಳತೆಯ ಫ್ಯಾಂಟಮ್ ಮೇಲೆ ಒಮ್ಮೆ ಓಡಿಸಬೇಕು. ಡೋಸಿನಲ್ಲಿ ಶೇ. 3, ಜಾಗದಲ್ಲಿ 2 ಮಿ.ಮೀ.ನೊಳಗೆ ಶೇ. 95 ಬಿಂದುಗಳಲ್ಲಿ ಅಳೆದದ್ದು ಲೆಕ್ಕದೊಂದಿಗೆ ಕೂಡಿಬಂದರೆ ಪಾಸು. ಹಗಲೆಲ್ಲ ಯಂತ್ರದ ಮೇಲೆ ರೋಗಿಗಳಿರುವುದರಿಂದ ಈ ಕೆಲಸ ನಡೆಯುವುದು ರಾತ್ರಿ. ಯಂತ್ರಕ್ಕೆ ಸಿಕ್ಕಷ್ಟು ಸುಲಭವಾಗಿ ಫಿಸಿಸಿಸ್ಟ್ ಹುದ್ದೆಗೆ ದುಡ್ಡು ಸಿಗುವುದಿಲ್ಲ.

ಇನ್ನು ಮಳೆಗಾಲ. ಕರೆಂಟ್ ಹೋದರೆ, ಪಟ್ಟಿಯ ಮೋಟಾರು ಕೈಕೊಟ್ಟರೆ, ಘಾಟಿಯಲ್ಲಿ ಗುಡ್ಡ ಕುಸಿದರೆ ಆ ದಿನದ ಚಿಕಿತ್ಸೆ ತಪ್ಪಿತು. ಗಂಟಲಿನ ಗಡ್ಡೆಯಲ್ಲಿ ತಪ್ಪಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಅದನ್ನು ತುಂಬಲು ಶನಿವಾರ ಕರೆಸುತ್ತಾರೆ, ಇಲ್ಲವೇ ಒಂದೇ ದಿನ ಎರಡು ಸಲ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು. ಹೊಸನಗರದ ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ.