ಹಡಗಿನ ಗಡಿಯಾರದಲ್ಲಿ ಕೊಚ್ಚಿ: ಒಂದು ಹಗಲಿನ ಲೆಕ್ಕ

ಜಯನಗರದಿಂದ ಹೆಬ್ಬಾಳ ಎಷ್ಟು ದೂರ ಅಂತ ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ. ಕಿಲೋಮೀಟರ್ ಹೇಳುವುದಿಲ್ಲ. "ಈಗ ಹೊರಟರೆ ಒಂದೂವರೆ ಗಂಟೆ" ಎನ್ನುತ್ತಾರೆ. ಕ್ರೂಸ್ ಪ್ರವಾಸದ, ಅಂದರೆ ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಸುತ್ತುವ ಪ್ರವಾಸದ ಪಾಠಕ್ಕೂ ಇದೇ ಲೆಕ್ಕಾಚಾರ ಬೇಕು. ನಮ್ಮ ಪ್ರವಾಸೋದ್ಯಮ ತರಗತಿಯಲ್ಲಿ ಹಡಗಿನಲ್ಲಿ ಬರುವ ಪ್ರವಾಸಿಗಳಿಗೆ ಕೊಚ್ಚಿಯಲ್ಲಿ ಒಂದು ದಿನದ ಕಾರ್ಯಕ್ರಮ ಹಾಕಲು ಹೇಳಿದಾಗ, ಹೆಚ್ಚಿನವರು ಒಂಬತ್ತು ಹತ್ತು ಜಾಗ ಬರೆದಿದ್ದೆವು. ಆಮೇಲೆ ನಾವು ಮೂವರು ಕೊಚ್ಚಿಗೇ ಹೋಗಿ, ವಾಚ್ ನೋಡಿಕೊಂಡು ಓಡಾಡಿ ಬಂದೆವು. ಪರೀಕ್ಷೆಗೆ ಓದುತ್ತಿರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಪದ. ಪ್ರಯಾಣ ಶುರುವಾಗುವ ಅಥವಾ ಮುಗಿಯುವ ಬಂದರು ಹೋಮ್ ಪೋರ್ಟ್. ನಡುವೆ ಕೆಲವು ಗಂಟೆ ನಿಂತು ಹೋಗುವ ಬಂದರು ಪೋರ್ಟ್ ಆಫ್ ಕಾಲ್. ಹೋಮ್ ಪೋರ್ಟ್‌ನಲ್ಲಿ ಜನ ಹಿಂದಿನ ದಿನವೇ ಬಂದು ಹೋಟೆಲ್‌ನಲ್ಲಿ ಉಳಿಯುವುದುಂಟು. ಪೋರ್ಟ್ ಆಫ್ ಕಾಲ್‌ನಲ್ಲಿ ಸಾಮಾನ್ಯವಾಗಿ ರಾತ್ರಿಯ ಊಟ, ನಿದ್ದೆ ಎಲ್ಲ ಹಡಗಿನಲ್ಲೇ. ಊರಿನ ಪಾಲಿಗೆ ಸಿಗುವುದು ಅವರ ಹಗಲು ಮಾತ್ರ.

ಕೊಚ್ಚಿಯಲ್ಲಿ ಕ್ರೂಸ್ ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರನ್ನು ಆಳ ಮಾಡುವಾಗ ತೆಗೆದ ಹೂಳಿನಿಂದಲೇ ಎತ್ತಿದ ನೆಲ ಅದು. ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ಮೇಲ್ವಿಚಾರಣೆಯಲ್ಲಿ 1920–30ರ ದಶಕಗಳಲ್ಲಿ ನಡೆದ ಕೆಲಸ. ಬೆಂಗಳೂರಿನ ಹಿರಿಯರು ಈಗಲೂ ಕನ್ಯಾಕುಮಾರಿ ರೈಲನ್ನು ಐಲ್ಯಾಂಡ್ ಎಕ್ಸ್‌ಪ್ರೆಸ್ ಅಂತಲೇ ಕರೆಯುತ್ತಾರೆ, ಅಲ್ವಾ? ಆ ಐಲ್ಯಾಂಡ್ ಇದೇ. ಒಂದು ಕಾಲದಲ್ಲಿ ಆ ರೈಲು ಇಲ್ಲಿನ ಹಾರ್ಬರ್ ಟರ್ಮಿನಸ್‌ಗೆ ಹೋಗುತ್ತಿತ್ತು. ದ್ವೀಪದ ಪಶ್ಚಿಮ ದಡದಲ್ಲಿ ನಿಂತರೆ, ಪ್ರವಾಸಿಗಳು ನೋಡಲು ಹೋಗುವ ಹಳೇ ಬಡಾವಣೆ ಮಟ್ಟಂಚೇರಿ ಎದುರಿಗೇ ಕಾಣುತ್ತದೆ. ಆದರೆ ಬಸ್ಸು ಸೇತುವೆ ದಾಟಿ, ತೋಪ್ಪುಂಪಡಿ ಸುತ್ತಿಕೊಂಡೇ ಹೋಗಬೇಕು. ಮ್ಯಾಪ್ ನೋಡಿ ಅಂದಾಜು ಮಾಡುವವರು ಎಡವುವುದು ಇಲ್ಲೇ.

ಈಗ ಲೆಕ್ಕ. ಇದನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ಹಡಗು ಬೆಳಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಅಂತ ಇಟ್ಟುಕೊಳ್ಳಿ. ಎಲ್ಲರೂ 5ಕ್ಕೆ ಹಡಗಿನೊಳಗೆ ಇರಬೇಕು ಎಂದಿದ್ದರೆ, ತಪಾಸಣೆಯ ಸಾಲು ನೆನೆದು 4ಕ್ಕೇ ಬಂದರಿನ ಗೇಟಿಗೆ ವಾಪಸಾಗುವಂತೆ ಬರೆಯಿರಿ. ಬೆಳಗ್ಗೆ ಕಾಗದಪತ್ರ ಮುಗಿದು ಬಸ್ಸು ಹೊರಡುವಾಗ 9. ಉಳಿದದ್ದು ಏಳು ಗಂಟೆ. ಹೋಗಿ ಬರಲು ಒಂದೂವರೆ, ಊಟಕ್ಕೆ ಒಂದು. ನಲವತ್ತು ಜನ ನಾಲ್ಕು ಕಡೆ ಇಳಿದು ಹತ್ತಲು, ಶೌಚಾಲಯಕ್ಕೆ ಹೋಗಲು ಇನ್ನೊಂದು ಗಂಟೆ ಇಡಲೇಬೇಕು. ಹತ್ತು ಗಂಟೆಯಲ್ಲಿ ನಿಜವಾಗಿ ನೋಡಲು ಸಿಕ್ಕಿದ್ದು ಮೂರೂವರೆ. ಇದರಲ್ಲಿ ಸಾಂಬಾರ ಪದಾರ್ಥದ ಅಂಗಡಿಗೆ ನಲವತ್ತು ನಿಮಿಷ ಕೊಟ್ಟರೆ ಒಂದು ಜಾಗ ಪೂರ್ತಿ ಹೋಯಿತು. ನನ್ನ ಮಟ್ಟಿಗೆ ನಾಲ್ಕು ಜಾಗಕ್ಕಿಂತ ಜಾಸ್ತಿ ಹಾಕುವುದು ಪ್ರವಾಸಿಗೆ ಮಾಡುವ ಅನ್ಯಾಯ.

ಯಾವುದು ಮೊದಲು ಅನ್ನುವುದೂ ಅಷ್ಟೇ ಮುಖ್ಯ. ಮಟ್ಟಂಚೇರಿಯ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) 1568ರದ್ದು. ಮಧ್ಯಾಹ್ನ 1ರಿಂದ 3ರವರೆಗೆ ಬಾಗಿಲು ಹಾಕುತ್ತಾರೆ. ಶುಕ್ರವಾರ, ಶನಿವಾರ ನೋಡಲು ಬಿಡುವುದಿಲ್ಲ. ಪಕ್ಕದಲ್ಲೇ ಇರುವ ಡಚ್ ಅರಮನೆಗೂ ಶುಕ್ರವಾರ ರಜೆ. ಅಂದರೆ ಹಡಗು ಶುಕ್ರವಾರ ಬಂದರೆ ಅರ್ಧ ಕಾರ್ಯಕ್ರಮವೇ ಬದಲಾಗಬೇಕು. ಬೇರೆ ದಿನವಾದರೆ ಬೆಳಗ್ಗೆ ಮಟ್ಟಂಚೇರಿ, ಊಟದ ನಂತರ ಫೋರ್ಟ್ ಕೊಚ್ಚಿ. ನಾವು ಇದನ್ನು ತಿರುಗಿಸಿ ಮಾಡಿ, ಒಂದೂ ಕಾಲಿಗೆ ಮುಚ್ಚಿದ ಬಾಗಿಲ ಮುಂದೆ ನಿಂತೆವು. ಆ ಗಲ್ಲಿಯಲ್ಲಿ ಕಾಯುವಾಗ ನಮ್ಮ ಜೊತೆಗಿದ್ದ ಕುಂದಾಪುರದ ಗೆಳತಿಯ ಕಿವಿಗೆ ಕೊಂಕಣಿ ಬಿತ್ತು. ಗೋವಾದಿಂದ 16ನೇ ಶತಮಾನದಲ್ಲಿ ಬಂದು ನೆಲೆಸಿದವರ ಮನೆತನಗಳು ಇಲ್ಲಿ ಈಗಲೂ ಇವೆ. ಹೆಸರಿನ ಬಗ್ಗೆ ಒಂದು ಮಾತು: ಡಚ್ ಅರಮನೆ ಕಟ್ಟಿಸಿದ್ದು ಪೋರ್ಚುಗೀಸರು. 1663ರಲ್ಲಿ ಕೊಚ್ಚಿ ಹಿಡಿದ ಡಚ್ಚರು ಅದನ್ನು ರಿಪೇರಿ ಮಾಡಿಸಿದರು, ಹೆಸರು ಅವರದೇ ನಿಂತಿತು. ಪರೀಕ್ಷೆಯಲ್ಲಿ ಇದನ್ನು ಕೇಳಬಹುದು.

ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚ್ 1503ರಲ್ಲಿ ಶುರುವಾದದ್ದು. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿ ಹೂತಿದ್ದರು. ಆಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಎಲ್ಲರೂ ಆ ಸಮಾಧಿಯ ಕಲ್ಲಿನ ಫೋಟೊ ತೆಗೆದು ಹೊರಡುತ್ತಾರೆ. ತಲೆ ಎತ್ತಿ ನೋಡಿ. ಸಾಲಾಗಿ ಉದ್ದನೆಯ ಬಟ್ಟೆಯ ಪಂಖಾಗಳು ತೂಗುತ್ತಿವೆ. ಅವುಗಳ ಹಗ್ಗ ಗೋಡೆ ದಾಟಿ ಹೊರಗೆ ಹೋಗುತ್ತದೆ. ಒಳಗೆ ಪ್ರಾರ್ಥನೆ ನಡೆಯುವಾಗ ಹೊರಗೆ ಕೂತವರು ಎಳೆಯುತ್ತಿದ್ದರು. ಗೈಡ್ ಆದವರು ಇದಕ್ಕೆ ಐದು ನಿಮಿಷ ಕೊಡಿ. ಹಗ್ಗ ಎಳೆದ ಕೈಗಳ ಮಾತು ಬಂದರೆ ಜನ ಸುಮ್ನೆ ನಿಂತು ಕೇಳುತ್ತಾರೆ.

ಕೊನೆಗೆ ಫೋರ್ಟ್ ಕೊಚ್ಚಿಯ ದಡದಲ್ಲಿ ಮೀನು ಹಿಡಿಯುವ ಚೀನಾ ಬಲೆ. ಮರದ ತೊಲೆ ಮೇಲೇಳುವಾಗ ಹಿಂದೆ ಹಗ್ಗಕ್ಕೆ ಕಟ್ಟಿದ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಆ ತೂಕ ಇರುವುದರಿಂದಲೇ ಕೆಲವೇ ಜನ ಅಷ್ಟು ದೊಡ್ಡ ಬಲೆ ಎತ್ತುತ್ತಾರೆ.

ಇನ್ನೊಂದು ವಿಷಯ, ಸಣ್ಣದು ಅನ್ನಿಸಬಹುದು. ಮಾಲ್ಡೀವ್ಸ್ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಅಲ್ಲಿಂದ ಬಂದ ಪ್ರವಾಸಿ ವಾಚ್ ಬದಲಿಸದಿದ್ದರೆ, ಅವರ ಮೂರೂವರೆ ನಮ್ಮ ನಾಲ್ಕು. ಹಡಗಿನವರೇ ಮಾರಿದ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತ ಆಟೊದಲ್ಲಿ ಸುತ್ತುವವರಿಗೆ ಆ ಭರವಸೆ ಇಲ್ಲ. ಆದ್ದರಿಂದ ಪ್ರವಾಸಿಗಳು ಇಳಿದ ಕೂಡಲೇ ಹಡಗಿನ ಗಡಿಯಾರದಲ್ಲಿ ಸಮಯ ಎಷ್ಟು ಅಂತ ಕೇಳಿ, ಬಸ್ಸಿನ ಬೋರ್ಡ್ ಮೇಲೆ ಅದನ್ನೇ ಬರೆಯಿರಿ.

ಅಭ್ಯಾಸಕ್ಕೆ ಮಂಗಳೂರು ತೆಗೆದುಕೊಳ್ಳಿ. ಹಡಗು ನಿಲ್ಲುವುದು ಪಣಂಬೂರಿನಲ್ಲಿ, ಸಮಯ ಅದೇ 8ರಿಂದ 6. ಸಂತ ಅಲೋಶಿಯಸ್ ಚಾಪೆಲ್, ಕದ್ರಿ ದೇವಸ್ಥಾನ, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ. 4 ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೂಡುಬಿದಿರೆ ಇಟ್ಟುಕೊಂಡರೆ ಯಾವುದನ್ನು ಬಿಡುತ್ತೀರಿ, ಯಾಕೆ ಅಂತ ಬರೆಯಿರಿ.